ಟ್ರೇಲರ್ ಎಳೆಯೋಕೆ ಡೀಸೆಲ್ಲೇ ಬೇಕಾ? ಅಮೆರಿಕದ ಮುಕ್ಕಾಲು ಟನ್ ಪಿಕಪ್‌ಗಳ ಲೆಕ್ಕಾಚಾರ

ಕ್ಯಾಂಪಿಂಗ್ ಟ್ರೇಲರ್ ಎಳೆಯಲು ಪಿಕಪ್ ಹುಡುಕುತ್ತಿದ್ದೀರಿ ಎಂದ ತಕ್ಷಣ ಶೋರೂಮಿನವರು ಡೀಸೆಲ್ ಗಾಡಿಯ ಕಡೆ ಕರೆದೊಯ್ಯುತ್ತಾರೆ. ಬಾನೆಟ್ ಎತ್ತುವ ಮೊದಲು ಡ್ರೈವರ್ ಬಾಗಿಲು ತೆಗೆಸಿ. ಪಕ್ಕದ ಕಂಬದ ಮೇಲೆ ಹಳದಿ ಪಟ್ಟಿಯಿರುವ ಬಿಳಿ ಸ್ಟಿಕರ್ ಇದೆ. ಜನ ಮತ್ತು ಸಾಮಾನು ಸೇರಿ ಆ ಗಾಡಿಯ ಮೇಲೆ ಎಷ್ಟು ಪೌಂಡ್ ಹೇರಬಹುದು ಅನ್ನುವುದು ಅಲ್ಲಿರುತ್ತದೆ. ಅದೇ ಪೇಲೋಡ್. ಬ್ರೋಷರಿನ ಟೋಯಿಂಗ್ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಬಹುತೇಕರ ಪಾಲಿಗೆ ಮೊದಲು ಮುಗಿದುಹೋಗುವುದು ಈ ಪೇಲೋಡೇ.

ರ‍್ಯಾಮ್ 2500ನ್ನೇ ತೆಗೆದುಕೊಳ್ಳಿ (ಈ ದರ್ಜೆಗೇ ಮುಕ್ಕಾಲು ಟನ್ ಅನ್ನುವುದು; ಅದು ಹೆಸರಷ್ಟೇ, ಹೊರುವ ತೂಕವಲ್ಲ). ಕಮಿನ್ಸ್ ಕಂಪನಿಯ ಡೀಸೆಲ್ ಎಂಜಿನ್ ಹಾಕಿದರೆ ಎಳೆಯುವ ಶಕ್ತಿ ಹತ್ತಿರಹತ್ತಿರ 20,000 ಪೌಂಡ್, ಅಂದರೆ 9 ಟನ್. ಕೇಳೋಕೆ ಚೆನ್ನಾಗಿದೆ. ಆದರೆ ಫಿಫ್ತ್ ವೀಲ್ ಟ್ರೇಲರ್ (ಪಿಕಪ್ಪಿನ ಹಿಂಬದಿ ತೊಟ್ಟಿಯೊಳಗಿನ ಕೊಂಡಿಗೆ ಸಿಕ್ಕಿಸುವಂಥದ್ದು) ತನ್ನ ತೂಕದ ಸುಮಾರು 20%ರಷ್ಟನ್ನು ಗಾಡಿಯ ಬೆನ್ನ ಮೇಲೇ ಹೊರಿಸುತ್ತದೆ. 20,000ಕ್ಕೆ 4,000 ಆಯಿತು. ಕಮಿನ್ಸ್ ಎಂಜಿನ್ ಅಪ್ಪಟ ಕಬ್ಬಿಣದ್ದು, ಅದರ ಭಾರದಿಂದಾಗಿ ನಾಲ್ಕು ಬಾಗಿಲಿನ 2500ರ ಸ್ಟಿಕರಿನಲ್ಲಿ ಉಳಿಯುವುದು 2,000 ಪೌಂಡ್ ಆಸುಪಾಸು. ಟ್ರಿಮ್ ಮೇಲೇರಿದಂತೆ, ಸನ್‌ರೂಫು, ದೊಡ್ಡ ಸೀಟು ಬಂದಂತೆ ಅದೂ ಕರಗುತ್ತದೆ. ಎಳೆಯುವ ಎಂಜಿನ್ ಇದೆ, ಹೊರುವ ಸ್ಪ್ರಿಂಗ್ ಇಲ್ಲ.

ಇನ್ನು ಸಾಮಾನ್ಯ ಸಂಸಾರದ ಲೆಕ್ಕ. 8,500 ಪೌಂಡಿನ ಬಂಪರ್ ಪುಲ್ ಟ್ರೇಲರ್, ಅಂದರೆ ಗಾಡಿಯ ಹಿಂದಿನ ಕೊಂಡಿಗೆ ಕಟ್ಟುವಂಥದ್ದು, ಅಂದುಕೊಳ್ಳಿ. ಕೊಂಡಿಯ ಮೇಲೆ 13% ಬಿದ್ದರೆ ಸುಮಾರು 1,100, ವೇಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ (ಭಾರ ಹಂಚುವ ಕೊಂಡಿ) 100, ನಾಲ್ಕು ಜನ 600, ಹಿಂದೆ ಹಾಕಿದ ಜನರೇಟರ್, ಟೂಲ್ ಬಾಕ್ಸ್ 200. ಒಟ್ಟು 2,000 ಪೌಂಡ್. ಪೆಟ್ರೋಲಿನ ಫೋರ್ಡ್ ಎಫ್-250 ಇದನ್ನು ಸಲೀಸಾಗಿ ಹೊರುತ್ತದೆ. ಅದೇ 13,000 ಪೌಂಡಿನ ಫಿಫ್ತ್ ವೀಲ್ ಆದರೆ ಪಿನ್ ತೂಕ (ಬೆನ್ನ ಮೇಲೆ ಬೀಳುವ ಆ 20%) 2,600, ಹಿಚ್ 150, ಜನ ಮತ್ತು ಸಾಮಾನು 800, ಒಟ್ಟು 3,550. ಇಲ್ಲಿ ಮುಕ್ಕಾಲು ಟನ್ ಡೀಸೆಲ್ ಗಾಡಿಗಳು ಸಾಮಾನ್ಯವಾಗಿ ಸೋಲುತ್ತವೆ. ಒಂದು ಮೆಟ್ಟಿಲು ಮೇಲಿನ ಎಫ್-350 ಅಥವಾ 3500 ದರ್ಜೆಗೆ ಹೋಗಿ. ಬೆಲೆಯಲ್ಲಿ ವ್ಯತ್ಯಾಸ ಅಷ್ಟೇನೂ ಇಲ್ಲ, ಗಾಡಿಯ ಗಾತ್ರವೂ ಹೆಚ್ಚುಕಮ್ಮಿ ಅದೇ.

ಪೆಟ್ರೋಲಿನಲ್ಲಿ ನಮ್ಮ ಆಯ್ಕೆ ಫೋರ್ಡಿನ 7.3 ಲೀಟರ್ ವಿ8. 2020ರಲ್ಲಿ ಬಂದ ಈ ಎಂಜಿನ್ 430 ಕುದುರೆ ಶಕ್ತಿ ಕೊಡುತ್ತದೆ. ಕಬ್ಬಿಣದ ಬ್ಲಾಕ್, ಪುಶ್‌ರಾಡ್, ಪೋರ್ಟ್ ಇಂಜೆಕ್ಷನ್, ಟರ್ಬೋ ಇಲ್ಲ. ಕೆಡುವ ಸಾಮಾನೇ ಕಡಿಮೆ. 87 ಆಕ್ಟೇನಿನ ಮಾಮೂಲಿ ಪೆಟ್ರೋಲ್ ಸಾಕು. ಟ್ರೇಲರ್ ಎಳೆಯುವುದೇ ಉದ್ದೇಶವಾದರೆ 4.30 ಆಕ್ಸಲ್ (ಎಳೆತ ಹೆಚ್ಚು ಕೊಡುವ ಗೇರ್ ಅನುಪಾತ) ಕೇಳಿ ಹಾಕಿಸಿ. ಷೆವರ್ಲೆ 2500ರ 6.6 ಪೆಟ್ರೋಲ್ ಎಂಜಿನ್ ಕೂಡ ಒಳ್ಳೆಯದೇ, ಆದರೆ ಅದಕ್ಕೆ 10 ಗೇರಿನ ಬಾಕ್ಸ್ ಬಂದದ್ದು 2024ರಿಂದ. ಅದಕ್ಕಿಂತ ಹಳೆಯ 6 ಗೇರಿನ ಗಾಡಿ ಏರಿನಲ್ಲಿ ಒಂದೋ ಕಿರುಚುತ್ತದೆ, ಇಲ್ಲವೇ ಏದುಸಿರು ಬಿಡುತ್ತದೆ. ನಡುವಿನ ಗೇರ್ ಸಿಗುವುದಿಲ್ಲ. ರ‍್ಯಾಮಿನ 6.4 ಹೆಮಿಗೆ ಕಂಪನಿಯೇ 89 ಆಕ್ಟೇನ್ ಹಾಕಿ ಅನ್ನುತ್ತದೆ. ಸೆಕೆಂಡ್ ಹ್ಯಾಂಡ್ ನೋಡುವವರು ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಟಿಕ್ ಟಿಕ್ ಸದ್ದಿದೆಯೇ ಎಂದು ಕಿವಿಗೊಡಿ. ಬಿಸಿಯಾದಂತೆ ನಿಂತರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟ್ ಮುರಿದಿರುವ ಸಾಧ್ಯತೆ ಹೆಚ್ಚು. ಬಿಸಿಯಾದರೂ ನಿಲ್ಲದಿದ್ದರೆ ಎಂಜಿನ್ನಿನ ಒಳಗೆ ವಾಲ್ವ್ ಎತ್ತುವ ಲಿಫ್ಟರ್, ಕ್ಯಾಮ್ ಸವೆದಿರುವ ಅನುಮಾನ. ಎರಡನೆಯದಾದರೆ ಗಾಡಿ ಬಿಟ್ಟು ಎದ್ದು ಬನ್ನಿ.

ಟರ್ಬೋ ಇಲ್ಲದ ಎಂಜಿನ್ನಿನ ಬಣ್ಣ ಬಯಲಾಗುವುದು ಬೆಟ್ಟದಲ್ಲಿ. ಪ್ರತಿ 1,000 ಅಡಿಗೆ ಸುಮಾರು 3% ಶಕ್ತಿ ಹೋಗುತ್ತದೆ. ಕೊಲರಾಡೋದ ಐ-70ರಲ್ಲಿ ಐಸೆನ್‌ಹೋವರ್ ಸುರಂಗ ಇರುವುದು 11,000 ಅಡಿಗೂ ಮೇಲೆ. ಅಲ್ಲಿಗೆ ತಲುಪುವ ಹೊತ್ತಿಗೆ 430ರಲ್ಲಿ ಉಳಿದಿರುವುದು ಮುನ್ನೂರಕ್ಕೂ ಕಡಿಮೆ. 4,000 ಆರ್‌ಪಿಎಂ ಮೇಲೆ ಕೂಗುತ್ತಾ ಬಲಗಡೆ ಲೇನಿನಲ್ಲಿ ಹೋಗಬೇಕು. ಅದರಿಂದ ಎಂಜಿನ್ನಿಗೆ ಏನೂ ಆಗದು, ಕಿವಿಗಷ್ಟೇ ಕಷ್ಟ. ಫೋರ್ಡಿನ 6.7 ಪವರ್‌ಸ್ಟ್ರೋಕ್ ಡೀಸೆಲ್ 1,050 ಪೌಂಡ್-ಅಡಿ ಟಾರ್ಕ್ ಇಟ್ಟುಕೊಂಡು ಅದೇ ಏರನ್ನು ಅರ್ಧ ಆರ್‌ಪಿಎಂನಲ್ಲಿ ಹತ್ತುತ್ತದೆ.

ನಿಜವಾದ ಅಂತರ ಇರುವುದು ಇಳಿಜಾರಿನಲ್ಲಿ. ಡೀಸೆಲ್ಲಿನ ಟರ್ಬೋ ತನ್ನ ಒಳಗಿನ ರೆಕ್ಕೆಗಳನ್ನು ಮುಚ್ಚಿ ಹೊಗೆಯ ದಾರಿ ಕಟ್ಟುತ್ತದೆ. ಇದೇ ಎಕ್ಸಾಸ್ಟ್ ಬ್ರೇಕ್. 7% ಇಳಿಜಾರಿನಲ್ಲೂ ಪೆಡಲ್ ಅಪರೂಪಕ್ಕೆ ಮುಟ್ಟಿದರೆ ಸಾಕು. ಪೆಟ್ರೋಲ್ ಗಾಡಿ ಟೋ-ಹಾಲ್ ಮೋಡಿನಲ್ಲಿ ಗೇರ್ ಇಳಿಸಿ ಹಿಡಿಯುತ್ತದೆ, ಆದರೆ ಹಿಡಿತ ಅಷ್ಟಕ್ಕಷ್ಟೇ. ಮಧ್ಯೆ ಮಧ್ಯೆ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಬೇಕು. ಒಂದೇ ಸಮನೆ ಕಾಲಿಟ್ಟುಕೊಂಡು ಬಂದರೆ ಪ್ಯಾಡ್ ಕಾದು ಬ್ರೇಕ್ ಜಾರುತ್ತದೆ. ಬೆಟ್ಟದ ರಾಜ್ಯಗಳಲ್ಲಿ ಓಡಾಡುವವರಿಗೆ ಡೀಸೆಲ್ ಕೊಳ್ಳಲು ಇದೊಂದೇ ಕಾರಣ ಸಾಕು ಅನ್ನುವುದು ನಮ್ಮ ಅಭಿಪ್ರಾಯ.

ಇಂಧನ ಉಳಿತಾಯಕ್ಕೆಂದು ಮಾತ್ರ ಕೊಳ್ಳಬೇಡಿ. ಡೀಸೆಲ್ ಎಂಜಿನ್ನಿಗೆ ಹೆಚ್ಚುವರಿಯಾಗಿ 10,000 ಡಾಲರ್ ಎಂದೇ ಹಿಡಿಯಿರಿ. ಟ್ರೇಲರ್ ಕಟ್ಟಿದಾಗ ಪೆಟ್ರೋಲ್ ಗ್ಯಾಲನ್ನಿಗೆ 8 ಮೈಲಿ, ಡೀಸೆಲ್ 11 ಮೈಲಿ, ಪೆಟ್ರೋಲ್ 3.20 ಡಾಲರ್, ಡೀಸೆಲ್ 3.80 ಅಂತಿಟ್ಟುಕೊಳ್ಳಿ. ವರ್ಷಕ್ಕೆ 10,000 ಮೈಲಿ ಎಳೆದರೂ ಉಳಿಯುವುದು 550 ಡಾಲರಿಗೂ ಕಡಿಮೆ. ಆ ದುಡ್ಡನ್ನು ಸರ್ವಿಸ್ ನುಂಗುತ್ತದೆ: 6.7ಕ್ಕೆ 13 ಕ್ವಾರ್ಟ್ ಆಯಿಲ್ ಬೇಕು, 7.3ಕ್ಕೆ 8. ಜೊತೆಗೆ ಎರಡು ಫ್ಯೂಯಲ್ ಫಿಲ್ಟರ್, ಮೇಲೆ ಡಿಇಎಫ್ (ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ತುಂಬುವ ಯೂರಿಯಾ ದ್ರವ). ಮಾರುವಾಗ ಡೀಸೆಲ್ಲಿಗೆ ಒಳ್ಳೆಯ ಬೆಲೆ ಸಿಗುತ್ತದೆ ಅನ್ನುವುದು ನಿಜ, ಅದು ಬೇರೆ ಲೆಕ್ಕ.

ವಾರವಿಡೀ ಶಾಲೆ, ಆಫೀಸು, ಇಂಡಿಯನ್ ಸ್ಟೋರ್ ಅಂತ ಐದೈದು ಮೈಲಿ ಓಡಿಸುವವರ ಕೈಯಲ್ಲಿ ಡೀಸೆಲ್ ಬೇಗ ಹಾಳಾಗುತ್ತದೆ. ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂತ ಮಸಿ ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹೀಗೆ ಸುಡುವ ಕೆಲಸ, ಅಂದರೆ ರೀಜನ್, ಅರ್ಧಕ್ಕೆ ನಿಂತರೆ ಮಸಿ ತುಂಬುತ್ತದೆ, ಬಿಸಿ ಏರಿಸಲು ಸಿಲಿಂಡರಿಗೆ ಬಿಟ್ಟ ಹೆಚ್ಚುವರಿ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇ ಓಡಿಸದವರು ಡೀಸೆಲ್ ಆಸೆ ಬಿಡಿ. ಡಿಇಎಫ್ ಬಾಯಿ ನೀಲಿ ಮುಚ್ಚಳದ್ದು, ಡೀಸೆಲ್ ಬಾಯಿಯ ಪಕ್ಕದಲ್ಲೇ ಇರುತ್ತದೆ. ತಪ್ಪಿ ಡಿಇಎಫ್ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀ ತಿರುಗಿಸಲೇಬೇಡಿ, ಟೋ ಮಾಡಿಸಿ ಟ್ಯಾಂಕ್ ಖಾಲಿ ಮಾಡಿಸಿ.

ಹಳೆಯ ಡೀಸೆಲ್ ನೋಡುವಾಗ ಡೀಸೆಲ್ಲನ್ನು ಭಾರೀ ಒತ್ತಡದಲ್ಲಿ ಇಂಜೆಕ್ಟರಿಗೆ ತಳ್ಳುವ ಬಾಷ್ ಸಿಪಿ4 ಪಂಪ್ ಇದೆಯೇ ಕೇಳಿ. ಅದಕ್ಕೆ ಜಾರುಗುಣ ಕೊಡುವುದು ಡೀಸೆಲ್ಲೇ, ಬೇರೆ ಆಯಿಲ್ ಇಲ್ಲ. ಒಳಗಿನ ರೋಲರ್ ಅಡ್ಡ ತಿರುಗಿದರೆ ಲೋಹದ ಚೂರು ಇಂಜೆಕ್ಟರ್‌ವರೆಗೆ ಹರಡಿ, ಇಡೀ ಇಂಧನ ವ್ಯವಸ್ಥೆ ಬದಲಿಸಬೇಕಾಗುತ್ತದೆ. ಬಿಲ್ಲು 10,000 ಡಾಲರ್ ಮುಟ್ಟಬಹುದು. 2011–16ರ ಡ್ಯುರಾಮ್ಯಾಕ್ಸ್ (ಷೆವರ್ಲೆಯ ಡೀಸೆಲ್), 2011ರಿಂದೀಚೆಯ ಫೋರ್ಡ್ 6.7, 2019–20ರ ಕಮಿನ್ಸ್‌ನಲ್ಲಿ ಇದು ಬಂದಿದೆ. ರ‍್ಯಾಮ್ ರೀಕಾಲ್ ಮಾಡಿತು. ವಿಐಎನ್ (ಗಾಡಿಯ ಗುರುತಿನ) ನಂಬರ್ ಕೊಟ್ಟು ಕೆಲಸ ಮುಗಿದಿದೆಯೇ ಪರೀಕ್ಷಿಸಿ. ಫೋರ್ಡಿಗೆ, ಚೂರುಗಳನ್ನು ಇಂಜೆಕ್ಟರಿಗೆ ಬಿಡದೆ ಟ್ಯಾಂಕಿಗೆ ತಿರುಗಿಸುವ ಬೈಪಾಸ್ ಕಿಟ್ ಸಿಗುತ್ತದೆ, ಹಾಕಿಸಿ.

ಯಾವುದನ್ನೇ ಕೊಂಡರೂ ಮೊದಲ ಟ್ರಿಪ್ಪಿಗೆ ಮುನ್ನ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ (ಗಾಡಿ ತೂಗುವ ತಕ್ಕಡಿ) ಮೇಲೆ ಹತ್ತಿಸಿ. ನೀರು ತುಂಬಿ, ಮನೆಮಂದಿ ಕೂತು, ಟ್ರೇಲರ್ ಕಟ್ಟಿಕೊಂಡು ಒಮ್ಮೆ. ಟ್ರೇಲರ್ ಬಿಚ್ಚಿ ಇನ್ನೊಮ್ಮೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರರ ತೂಕ ಬೇರೆಬೇರೆಯಾಗಿ ಬರುತ್ತದೆ. ಹಿಂದಿನ ಆಕ್ಸಲ್ ಬಾಗಿಲ ಸ್ಟಿಕರಿನ ಮಿತಿ ದಾಟಿದ್ದರೆ ಜನರೇಟರನ್ನು ಟ್ರೇಲರಿಗೆ ಸಾಗಿಸಿ, ಟ್ರೇಲರಿನ ಮುಂಭಾಗದಲ್ಲಿ ನೀರಿನ ಟ್ಯಾಂಕ್ ಇದ್ದರೆ ಖಾಲಿ ಮಾಡಿ. ಕೊಂಡಿಯ ಭಾರವನ್ನು ಮಾತ್ರ 10%ಗಿಂತ ಇಳಿಸಬೇಡಿ, ಟ್ರೇಲರ್ ಬಾಲ ಆಡಿಸಲು ಶುರುಮಾಡುತ್ತದೆ.