ಬಿದ್ರಿ ಅಂತ ಅಲ್ಯೂಮಿನಿಯಂ ಮಾರ್ತಿದ್ದಾರೆ, ಮದುವೆ ಉಡುಗೊರೆ ಹುಡುಕ್ತಿರೋರು ಓದಿ

ಮದುವೆಗೋ ಗೃಹಪ್ರವೇಶಕ್ಕೋ "ತಲೆಮಾರು ಉಳಿಯೋ ಬಿದ್ರಿ ಗಿಫ್ಟ್" ಅಂತ ಆನ್‌ಲೈನ್ ಪೇಜ್‌ಗಳಲ್ಲಿ ಹುಡುಕ್ತಿದ್ದೀರಾ? ದುಡ್ಡು ಹಾಕೋ ಮುಂಚೆ ಐದು ನಿಮಿಷ ಇದನ್ನ ಓದಿ. ಅಂಥದೇ ಒಂದು ಪೇಜ್‌ನಿಂದ ನಾವು ತರಿಸಿದ್ದು ಎಂಟು ಇಂಚಿನ ಹೂದಾನಿ ಜೋಡಿ, ₹9,500. "ಅಪ್ಪಟ ಬೀದರ್ ಬಿದ್ರಿ, ಶುದ್ಧ ಬೆಳ್ಳಿ ಕುಸುರಿ" ಅಂತ ಮಾರಿದ್ದು. ಬಂದಿದ್ದು ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂ. ಬೆಳ್ಳಿ ಒಂದು ಗುಲಗಂಜಿ ತೂಕದಷ್ಟೂ ಇಲ್ಲ. ಇಲ್ಲವೇ ಇಲ್ಲ.

ಮೈ ಉರಿಯೋದು ದುಡ್ಡಿಗೆ ಮಾತ್ರ ಅಲ್ಲ. ಆರತಕ್ಷತೆಯಲ್ಲಿ ಹತ್ತು ಜನರ ಮುಂದೆ "ಇದು ನಿಮ್ಮ ಮೊಮ್ಮಕ್ಕಳಿಗೂ ಇರತ್ತೆ" ಅಂತ ಹೇಳಿ ಕೊಟ್ಟ ವಸ್ತು ಅದು. ಬೀಗರ ಮನೆಯವರೇ ಫೋಟೋ ಕಳಿಸಿ "ಬಾಯಿ ಹತ್ರ ಬಣ್ಣ ಬಿಡ್ತಿದೆ, ಏನು ಮಾಡೋದು?" ಅಂತ ಕೇಳಿದರೆ ಏನಂತ ಉತ್ತರ ಕೊಡೋದು?

ಬಿದ್ರಿಯಲ್ಲಿ ಬಿಡೋಕೆ ಬಣ್ಣವೇ ಇರಲ್ಲ. ಅದರ ಲೋಹ ಸತು ಮತ್ತು ತಾಮ್ರ, ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಮರಳಿನ ಅಚ್ಚಲ್ಲಿ ಎರಕ ಹೊಯ್ದು, ಅರದಿಂದ ನಯ ಮಾಡಿ, ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಹಚ್ಚಿ ಸದ್ಯಕ್ಕೆ ಕಪ್ಪು ಮಾಡ್ಕೋತಾರೆ. ಆಮೇಲೆ ಉಳಿಯಲ್ಲಿ ಕೆತ್ತಿ, ಆ ಸಂದಿಗೆ ಬೆಳ್ಳಿ ತಂತಿ ಅಥವಾ ತಗಡು ಕೂರಿಸಿ ಸುತ್ತಿಗೆಯಲ್ಲಿ ಬಡೀತಾರೆ. ಮತ್ತೆ ಉಜ್ಜಿದಾಗ ಮೊದಲ ಕಪ್ಪು ಪೂರ್ತಿ ಹೋಗತ್ತೆ, ಬೆಳ್ಳಿ ಯಾವುದು ಸತು ಯಾವುದು ಅಂತ ಗೊತ್ತಾಗದ ಹಾಗೆ ಎಲ್ಲ ಒಂದೇ ಬಿಳಿ. ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣು, ನವಸಾಗರ, ನೀರು ಕಲಸಿ ಬಿಸಿ ಮಾಡಿ ಅದರಲ್ಲಿ ಹದ ಕೊಟ್ಟಾಗ ಸತುವಿನ ಮೈ ಮಾತ್ರ ಕಪ್ಪಾಗತ್ತೆ, ಬೆಳ್ಳಿ ಹಾಗೇ ಉಳಿಯತ್ತೆ. ಆ ಕಪ್ಪು ಲೋಹದ ಮೇಲ್ಮೈಯೇ ಬದಲಾಗಿ ಬಂದದ್ದು. ಪೇಂಟ್ ಥರ ಸಿಪ್ಪೆ ಏಳೋದಕ್ಕೆ ಅಲ್ಲಿ ಏನೂ ಇಲ್ಲ.

ಹೂದಾನಿಗಳನ್ನ ವಾಪಸ್ ಇಸ್ಕೊಂಡು ಅಕ್ಕಪಕ್ಕ ಇಟ್ಟಾಗ ಗೊತ್ತಾಯ್ತು ಇವರ ಕೈಚಳಕ. ಕುತ್ತಿಗೆಯ ಕೆಳಗೆ ಎಲೆಬಳ್ಳಿ ಇದೆ. ಒಂದು ಎಲೆಯ ತುದಿ ಮುಕ್ಕಾಗಿದೆ. ಇನ್ನೊಂದು ಹೂದಾನಿಯಲ್ಲೂ ಅದೇ ಎಲೆ, ಅದೇ ತುದಿ, ಅದೇ ಮುಕ್ಕು! ಕೈಯಲ್ಲಿ ಕೆತ್ತಿದ ಎರಡು ವಸ್ತುವಿನಲ್ಲಿ ಇದು ಹೇಗೆ ಸಾಧ್ಯ? ಒಂದೇ ಅಚ್ಚಿನಲ್ಲಿ ಚಿತ್ತಾರದ ಸಮೇತ ಎರಕ ಹೊಯ್ದು, ಮೇಲೆ ಕಪ್ಪು ಹೊಡೆದು, ಉಬ್ಬಿದ ಭಾಗವನ್ನ ಮಾತ್ರ ಉಜ್ಜಿ ಹೊಳಪು ತೆಗೆದಿದ್ದಾರೆ. ನಾವು ಬೆಳ್ಳಿ ಅಂದ್ಕೊಂಡಿದ್ದು ಒಳಗಿನ ಅಲ್ಯೂಮಿನಿಯಮ್ಮೇ. ಉಗುರು ಆಡಿಸಿದರೆ ಪ್ರತಿ ಎಲೆಯ ಅಂಚೂ ತಡೆಯತ್ತೆ. ಒಳ್ಳೆ ತಂತಿ ಕೆಲಸದಲ್ಲಿ ಉಗುರು ಸಲೀಸಾಗಿ ಜಾರಬೇಕು. (ಜರ್‌ಬುಲಂದ್ ಅನ್ನೋ ಉಬ್ಬು ಕೆಲಸ ಬೇರೆ. ಮಾರೋನು ಅದರ ಹೆಸರು ಹೇಳಿದರೆ ಅದನ್ನೂ ಬಿಲ್ಲಲ್ಲಿ ಬರೆಸಿ.)

ಈಗ ಆ ಪೇಜ್‌ನವರ ಉತ್ತರಗಳನ್ನ ಕೇಳಿ.

"ಮೇಡಂ, ನೀವು ಒದ್ದೆ ಬಟ್ಟೇಲಿ ಒರೆಸಿರ್ತೀರ." ಒದ್ದೆ ಬಟ್ಟೆಗೆ ಹೋಗೋ ಕಪ್ಪು ಮೊಮ್ಮಕ್ಕಳ ಕಾಲದವರೆಗೆ ಇರತ್ತಂತೆ!

"ಮ್ಯಾಗ್ನೆಟ್ ವಿಡಿಯೋ ಕಳಿಸಿದ್ವಲ್ಲ ಮೇಡಂ, ಅಂಟಲಿಲ್ಲ ನೋಡಿ." ಹೌದು, ಕಳಿಸಿದ್ದರು. ಸತುವಿಗೆ ಅಂಟಲ್ಲ, ತಾಮ್ರಕ್ಕೆ ಅಂಟಲ್ಲ, ಬೆಳ್ಳಿಗೆ ಅಂಟಲ್ಲ, ಅಲ್ಯೂಮಿನಿಯಂಗೂ ಅಂಟಲ್ಲ. ಆ ವಿಡಿಯೋದಿಂದ ಗೊತ್ತಾಗೋದು ಇದು ಕಬ್ಬಿಣ ಅಲ್ಲ ಅಂತ, ಅಷ್ಟೇ.

"ಜಿಐ ಕಾರ್ಡ್ ಇದೆಯಲ್ಲ." ಬಿದ್ರಿಗೆ 2006ರಲ್ಲೇ ಜಿಐ, ಅಂದರೆ ಭೌಗೋಳಿಕ ಗುರುತಿನ ನೋಂದಣಿ ಆಗಿದೆ, ನಿಜ. ಅದು ಆ ಕಲೆಯ ಹೆಸರಿಗೆ ಸಿಕ್ಕಿದ್ದು. ಡಬ್ಬಿಯೊಳಗೆ ಯಾರೋ ಪ್ರಿಂಟ್ ಹಾಕಿಸಿಟ್ಟ ಬಣ್ಣದ ಕಾರ್ಡು ಆ ಹೂದಾನಿಗೆ ಸಾಕ್ಷಿ ಆಗಲ್ಲ.

ಎಲೆಯ ಮುಕ್ಕಿನ ಫೋಟೋ ಎರಡನ್ನೂ ಕಳಿಸಿದ ಮೇಲೆ ಮಾತೇ ಬದಲಾಯ್ತು. "ಮೇಡಂ ಇದು ಬಿದ್ರಿ ಸ್ಟೈಲ್. ಸಿಲ್ವರ್ ಅಂದ್ರೆ ಸಿಲ್ವರ್ ಫಿನಿಶ್." ಸ್ಟೈಲ್! ಮಾರುವಾಗ ಅಪ್ಪಟ, ಕೇಳುವಾಗ ಸ್ಟೈಲ್. ಬಿಲ್ ತೆಗೆದು ನೋಡಿದರೆ "ಮೆಟಲ್ ಡೆಕೋರ್ ಐಟಂ" ಅಂತಷ್ಟೇ ಇದೆ. ಬಿದ್ರಿ ಅನ್ನೋ ಮಾತಿಲ್ಲ, ಬೆಳ್ಳಿ ಅನ್ನೋ ಮಾತಿಲ್ಲ. ಮೊದಲಿಂದಲೂ ತಯಾರಾಗೇ ಕೂತಿದ್ದರು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಹೂದಾನಿ ತೂಗಿ. ಇದು ಬಂದಿದ್ದು 410 ಗ್ರಾಂ. ಬಕೆಟ್‌ಗೆ ಅಂಚಿನವರೆಗೆ ನೀರು ತುಂಬಿ, ಕೆಳಗೆ ಅಗಲ ಪಾತ್ರೆ ಇಟ್ಟು, ಹೂದಾನಿಯನ್ನ ನಿಧಾನವಾಗಿ ಪೂರ್ತಿ ಮುಳುಗಿಸಿ. ಒಳಗೆ ಗಾಳಿ ನಿಲ್ಲಬಾರದು, ಬೆರಳೂ ನೀರಿಗೆ ಆದಷ್ಟು ಕಮ್ಮಿ ಇಳೀಬೇಕು. ಚೆಲ್ಲಿದ ನೀರು ಸುಮಾರು 150 ಮಿಲಿ. 410ನ್ನ 150ರಿಂದ ಭಾಗಿಸಿದರೆ 2.7, ಅಂದರೆ ಅಲ್ಯೂಮಿನಿಯಂ. ಬಿದ್ರಿ ಲೋಹ ಆದರೆ 7ರ ಆಸುಪಾಸು ಬರಬೇಕು. ಅಷ್ಟೇ ದಪ್ಪದ ನಿಜವಾದ ಬಿದ್ರಿ ಹೂದಾನಿ ಒಂದು ಕಿಲೋ ದಾಟತ್ತೆ. ನಿಮ್ಮದು ಅಸಲಿ ಅಂತ ಗೊತ್ತಾದರೆ ತಕ್ಷಣ ಒಣಬಟ್ಟೆಯಲ್ಲಿ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ.

ಇನ್ನೊಂದು, ತಳದಲ್ಲಿ ಕಾಣದ ಜಾಗಕ್ಕೆ ನೇಲ್ ಪಾಲಿಶ್ ರಿಮೂವರ್ ಅದ್ದಿದ ಹತ್ತಿ ಒತ್ತಿ ಉಜ್ಜಿ. ಅಸಲಿಯಲ್ಲೂ ಎಣ್ಣೆಯ ಜೊತೆ ಹತ್ತಿಗೆ ಸ್ವಲ್ಪ ಮಸಿ ಬರಬಹುದು, ಅದಕ್ಕೆ ಗಾಬರಿ ಬೇಡ. ಒರೆಸಿದ ಜಾಗ ಕಪ್ಪಾಗೇ ಇದ್ದರೆ ಸರಿ. ಬೆಳ್ಳಗೆ ಮಿರುಗುವ ಲೋಹ ಕಂಡರೆ ಅದು ಪೇಂಟು.

"ಇದರ ಬೆಳ್ಳಿ ಯಾವತ್ತೂ ಕಪ್ಪಾಗಲ್ಲ" ಅಂತ ಯಾರಾದರೂ ಜಂಬ ಕೊಚ್ಚಿದರೆ ಅಲ್ಲೇ ಎದ್ದು ಬನ್ನಿ. ಬೆಳ್ಳಿ ಅಂದಮೇಲೆ ಗಾಳಿಗೆ ಹಳದಿ ತಿರುಗಿ ಮಂಕಾಗಲೇಬೇಕು. ಈ ಪೇಜ್‌ನವರೂ ಕಪ್ಪಾಗಲ್ಲ ಅಂತಲೇ ಹೇಳಿದ್ದರು, ದೊಡ್ಡ ಗುಣ ಅನ್ನೋ ಹಾಗೆ.

ಕೊಳ್ಳೋದಾದರೆ ಬೀದರ್ ಚೌಬಾರದ ಸುತ್ತಲಿನ ಕೆಲಸದ ಅಂಗಡಿಗಳಿಗೇ ಹೋಗಿ, ಅರ್ಧ ಆದ ಮಾಲು ಕಣ್ಣಾರೆ ನೋಡಬಹುದು. ಬೆಂಗಳೂರಿನವರಿಗೆ ಕಾವೇರಿ ಎಂಪೋರಿಯಂ ಇದೆ. ಹೈದರಾಬಾದ್‌ನಲ್ಲೂ ಬಿದ್ರಿ ಮಾಡ್ತಾರೆ, ಅದು ನಕಲಿ ಅಲ್ಲ. ಎಲ್ಲಿ ಕೊಂಡರೂ ಬಿಲ್ಲಲ್ಲಿ "ಬಿದ್ರಿ, ಸತು-ತಾಮ್ರ, ಬೆಳ್ಳಿ ತಂತಿ" ಅಂತ ತೂಕದ ಸಮೇತ ಬರೆಸಿ. ಬರೆಯೋಕೆ ಮೀನಮೇಷ ಎಣಿಸಿದರೆ ಬಿಟ್ಟುಬಿಡಿ. ಜೋಡಿ ತಗೊಂಡರೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ಅಲ್ಲಲ್ಲಿ ಒಂದಿಷ್ಟು ವ್ಯತ್ಯಾಸ ಇರಲೇಬೇಕು.

ಉಡುಗೊರೆ ಕೊಡುವಾಗ ಒಂದು ಚೀಟಿ ಜೊತೆಗಿಡಿ: ಹುಣಸೆಹಣ್ಣು, ನಿಂಬೆ, ಪೀತಾಂಬರಿ ಮುಟ್ಟಿಸಬಾರದು. ಬೆಳ್ಳಿ ದೀಪದ ಜೊತೆ ಇದನ್ನೂ ತಿಕ್ಕಿಬಿಡೋರು ಎಷ್ಟೋ ಜನ, ಹುಳಿ ತಾಗಿದರೆ ಆ ಕಪ್ಪು ಹೋಯ್ತು. ಕೆಳಗೆ ಬೀಳಿಸಲೂಬಾರದು. ಸತುವಿನ ಎರಕ ಹಿತ್ತಾಳೆ ಥರ ನೆಗ್ಗಲ್ಲ, ಒಡೆಯತ್ತೆ.

ಕೊನೆಗೆ ಆ ಪೇಜ್‌ನವರು "ಹ್ಯಾಂಡ್‌ಮೇಡ್ ಐಟಂ ರಿಟರ್ನ್ ಇಲ್ಲ, ಬೇಕಾದ್ರೆ ₹1,000 ವೋಚರ್ ಕೊಡ್ತೀವಿ" ಅಂದರು. ಅಚ್ಚಲ್ಲಿ ಹೊಯ್ದಿದ್ದಕ್ಕೆ ಹ್ಯಾಂಡ್‌ಮೇಡ್ ಅಂತೆ, ಅದಕ್ಕೆ ರಿಟರ್ನ್ ಇಲ್ಲವಂತೆ. ವೋಚರ್ ಬೇಡ ಅಂದು 1915ಕ್ಕೆ, ಅದೇ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಾಗಿದೆ. ನಿಮಗೂ ಹೀಗಾಗಿದ್ದರೆ ಅವರ ಜಾಹೀರಾತಿನ ಸ್ಕ್ರೀನ್‌ಶಾಟ್ ಮೊದಲು ತೆಗೆದಿಟ್ಕೊಳ್ಳಿ, ಆಮೇಲೆ ಜಗಳ ತೆಗೀರಿ. ಮುಕ್ಕಿನ ಫೋಟೋ ಹೋದ ಸಂಜೆಯೇ ಇವರು "ಅಪ್ಪಟ" ಅನ್ನೋ ಪದ ಅಳಿಸಿ "ಸ್ಟೈಲ್" ಅಂತ ಸೇರಿಸಿದ್ದರು. ಹಳೇ ಸ್ಕ್ರೀನ್‌ಶಾಟ್ ಇದ್ದಿದ್ದಕ್ಕೆ ದೂರಿಗೆ ಬಲ ಬಂತು.