ಹ್ಯಾಂಡ್‌ಬ್ರೇಕ್: ರಾಶಿ ವಿಡಿಯೋ ಸಣ್ಣ ಮಾಡ್ಲಿಕ್ಕೆ ಇದೊಂದು ಸಾಕು

ಯಕ್ಷಗಾನ ರೆಕಾರ್ಡ್ ಮಾಡುವವರು ಯಾರನ್ನೇ ಕೇಳಿ, ಹಾರ್ಡ್‌ಡಿಸ್ಕಲ್ಲಿ ಜಾಗ ಇಲ್ಲ ಅಂತಲೇ ಹೇಳ್ತಾರೆ. ಎವಿಸಿಎಚ್‌ಡಿ (ಎಚ್‌ಡಿ ರೆಕಾರ್ಡಿಂಗಿನ ಒಂದು ನಮೂನೆ) ಕ್ಯಾಮರಾದಲ್ಲಿ 24 ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ 24 ಮೆಗಾಬಿಟ್ ಇಟ್ರೆ ಗಂಟೆಗೆ ಹತ್ತಿರ ಹತ್ತಿರ 11 ಜಿಬಿ ಆಗ್ತದೆ, ಬೆಳಗ್ಗಿನವರೆಗೆ 8 ಗಂಟೆ ಆಟ ಅಂದ್ರೆ 86 ಜಿಬಿ, ಅದೂ ಒಂದೇ ರಾತ್ರಿಯದ್ದು. ಇಷ್ಟನ್ನು ಆನ್‌ಲೈನ್ ಕಂಪ್ರೆಸ್ ಸೈಟಿಗೆ ಹಾಕ್ತೇನೆ ಅಂದ್ರೆ ಅಪ್‌ಲೋಡ್ ಮುಗಿಯುವ ಮಾತೇ ಇಲ್ಲ, ಹಾಗಾಗಿ ನಾನು ಹೇಳುವುದು ಕಂಪ್ಯೂಟರಲ್ಲೇ ವಿಡಿಯೋ ಸಣ್ಣ ಮಾಡುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್ ಹಾಕ್ಕೊಳ್ಳಿ ಅಂತ. ಪೂರ್ತಿ ಫ್ರೀ, ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಉಂಟು. 2003ರಲ್ಲಿ ಶುರುವಾದದ್ದು, 1.0 ಅಂತ ಹೆಸರಿಟ್ಟು ಬಿಟ್ಟದ್ದು 2016ರ ಡಿಸೆಂಬರಲ್ಲಿ, ಅಷ್ಟು ತಾಳ್ಮೆಯಿಂದ ಮಾಡಿದ ಸಾಫ್ಟ್‌ವೇರ್ ಅದು.

ಕೆಲಸ ಹೇಗೆ ಅಂದ್ರೆ, ಇಡೀ ಫೋಲ್ಡರನ್ನೇ ಓಪನ್ ಮಾಡಿ, ಒಂದು ಪ್ರಿಸೆಟ್ (ಮೊದಲೇ ಮಾಡಿಟ್ಟ ಸೆಟ್ಟಿಂಗ್) ಆರಿಸಿ, ಎಲ್ಲವನ್ನೂ ಕ್ಯೂಗೆ (ಸರದಿಗೆ) ಸೇರಿಸಿ, ಸ್ಟಾರ್ಟ್ ಒತ್ತಿ ಮಲಗಿದ್ರೆ ಆಯ್ತು, ಮುಗಿದ ಮೇಲೆ ಕಂಪ್ಯೂಟರ್ ಶಟ್‌ಡೌನ್ ಆಗುವ ಹಾಗೂ ಇಡಬಹುದು. ಅದಕ್ಕೆ ಮೊದಲು ಪ್ರಿಫರೆನ್ಸಲ್ಲಿ ಔಟ್‌ಪುಟ್ ಫೋಲ್ಡರ್ ಮತ್ತು ಫೈಲಿಗೆ ತಾನಾಗಿ ಹೆಸರಿಡುವ ಆಪ್ಷನ್ ಸರಿ ಮಾಡಿಟ್ಕೊಳ್ಳಿ. ನನಗೆ ತುಂಬಾ ಇಷ್ಟ ಆದದ್ದು ಎಂತ ಅಂದ್ರೆ 720ಪಿ ಪ್ರಿಸೆಟ್ ಕೊಟ್ರೆ ಅದು ಮೇಲಿನ ಮಿತಿ ಮಾತ್ರ, ಫೋಲ್ಡರಲ್ಲಿ ಹಳೆ 576 ಸೈಜಿನ ಫೈಲ್ ಇದ್ರೆ ಅದನ್ನು ಎಳೆದು ದೊಡ್ಡ ಮಾಡುದಿಲ್ಲ, ಹಾಗೇ ಬಿಡ್ತದೆ, ಕಲಸುಮೇಲೋಗರ ಕಲೆಕ್ಷನ್ ಇದ್ದವರಿಗೆ ಇದು ದೊಡ್ಡ ಉಪಕಾರ. 1080ರಿಂದ 720ಕ್ಕೆ ಇಳಿಸಿದ್ರೆ ಪಿಕ್ಸೆಲ್ ಲೆಕ್ಕದಲ್ಲಿ ಅರ್ಧಕ್ಕಿಂತ ಕಮ್ಮಿ ಉಳೀತದೆ.

ಕ್ವಾಲಿಟಿಯ ವಿಷಯ ಸ್ವಲ್ಪ ಸಮಾಧಾನದಲ್ಲಿ ಓದಿ. ಅಲ್ಲಿ ಆರ್‌ಎಫ್ ಅಂತ ಒಂದು ಸ್ಲೈಡರ್ ಉಂಟು, ನಂಬರ್ ಕಮ್ಮಿ ಆದಷ್ಟು ಚಿತ್ರ ಚಂದ, ಫೈಲ್ ದೊಡ್ಡದು. ಹ್ಯಾಂಡ್‌ಬ್ರೇಕಿನವರೇ ಹೇಳುವುದು 720ಪಿಗೆ 19ರಿಂದ 23, 1080ಪಿಗೆ 20ರಿಂದ 24. ಇದು ಸೈಜ್ ಫಿಕ್ಸ್ ಮಾಡುವ ನಂಬರ್ ಅಲ್ಲ, ಒಂದೇ ಆರ್‌ಎಫ್ ಇಟ್ರೂ ತಾಳಮದ್ದಳೆಯ ಫೈಲ್ ಚಿಕ್ಕದಾಗಿ ಬರ್ತದೆ, ಯಾಕೆಂದ್ರೆ ಅಲ್ಲಿ ಎಲ್ಲರೂ ಕೂತಲ್ಲೇ ಕೂತಿರ್ತಾರೆ, ರಾತ್ರಿ ಆಟದ್ದಾದ್ರೆ ಕುಣಿತವೂ ಉಂಟು, ಕತ್ತಲೆಯಲ್ಲಿ ಕ್ಯಾಮರಾ ಎಬ್ಬಿಸುವ ಗ್ರೇನೂ (ಮರಳಿನ ಹಾಗಿನ ಚುಕ್ಕೆ) ಉಂಟು, ಹಾಗಾಗಿ ದೊಡ್ಡದು. ಇಡೀ ರಾಶಿಯನ್ನು ಬಿಡುವ ಮೊದಲು ಅತಿ ಕಷ್ಟದ ಜಾಗದಿಂದ ಅರ್ಧ ನಿಮಿಷ ತೆಗೆದು ನೋಡಿ, ಕೆಂಪು ಬಟ್ಟೆಯ ಅಂಚು, ಕಿರೀಟದ ಮಿಂಚು, ಹಿಂದಿನ ಕಪ್ಪು ಪರದೆ, ಈ ಮೂರೂ ಚೆಂದ ಬಂದ್ರೆ ಉಳಿದದ್ದಕ್ಕೆ ಚಿಂತೆ ಇಲ್ಲ.

ಆಟೋ ಕ್ರಾಪ್ ಮಾತ್ರ ದಯವಿಟ್ಟು ತೆಗೆದಿಡಿ!! ವಿಡಿಯೋದಲ್ಲಿ ಅಲ್ಲಲ್ಲಿ ಕೆಲವು ಫ್ರೇಮ್ ನೋಡಿ ಕಪ್ಪು ಪಟ್ಟಿ ಎಲ್ಲಿ ಉಂಟು ಅಂತ ಊಹಿಸುವ ವ್ಯವಸ್ಥೆ ಅದು, ರಂಗಸ್ಥಳದ ಆಚೀಚೆ ಕತ್ತಲೆ ಇದ್ರೆ ಅದನ್ನೇ ಪಟ್ಟಿ ಅಂತ ಲೆಕ್ಕ ಹಾಕುವ ಸಾಧ್ಯತೆ ಉಂಟು, ಆಮೇಲೆ ಬದಿಯಿಂದ ಪ್ರವೇಶ ಆಗುವ ವೇಷ ಅರ್ಧ ಕತ್ತರಿಸಿ ಹೋಗ್ತದೆ. ಒಂದೊಂದು ಫೈಲಿಗೆ ಒಂದೊಂದು ನಮೂನೆ ಕ್ರಾಪ್ ಬೇರೆ. ಕ್ರಾಪ್ ಆಪ್ಷನಲ್ಲಿ ನನ್ (None) ಅಂತ ಇಟ್ಟು ಪ್ರಿಸೆಟ್ ಸೇವ್ ಮಾಡಿ.

ಇನ್ನೊಂದು, ಹಳೆ ಕ್ಯಾಮರಾದ್ದು ಹೆಚ್ಚಾಗಿ 1080ಐ, ಇಂಟರ್‌ಲೇಸ್, ಅಂದ್ರೆ ಒಂದು ಫ್ರೇಮನ್ನು ಗೆರೆ ಬಿಟ್ಟು ಗೆರೆ ಎರಡು ಸಲಕ್ಕೆ ಹಿಡಿಯುವ ಕ್ರಮ. ವೇಷ ಧೀಂಗಿಣ ಹಾಕುವಾಗ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಾಣುವುದು ಇದರಿಂದಲೇ. ಫಾಸ್ಟ್ ಪ್ರಿಸೆಟಲ್ಲಿರುವ ಡಿಕೋಂಬ್ (ಆ ಗೆರೆ ತೆಗೆಯುವ ಫಿಲ್ಟರ್) ಮಾತಿನ ಭಾಗಕ್ಕೆ ಸಾಕು, ಕುಣಿತಕ್ಕೆ ನನ್ನ ಮತ ಅದೇ ಫಿಲ್ಟರಿನ ಬಾಬ್ ಆಪ್ಷನಿಗೆ, ಅದ್ರಲ್ಲಿ ಸೆಕೆಂಡಿಗೆ 50 ಫ್ರೇಮ್ ಸಿಗ್ತದೆ, ಹೆಜ್ಜೆಯ ಓಟ ಉಳೀತದೆ. ಆದ್ರೆ ಪ್ರಿಸೆಟಿನ 30 ಫ್ರೇಮ್ ಮಿತಿಯನ್ನೂ ತೆಗೆದು ಸೇಮ್ ಆ್ಯಸ್ ಸೋರ್ಸ್ ಮಾಡ್ಬೇಕು, ಇಲ್ಲದಿದ್ರೆ 50ನ್ನು 30ಕ್ಕೆ ಇಳಿಸುವಾಗ ಕುಣಿತ ಜರ್ಕ್ ಹೊಡೀತದೆ.

ಸೌಂಡಿಗೆ ಜಿಪುಣತನ ಮಾಡ್ಬೇಡಿ. 160 ಕೆಬಿಪಿಎಸ್ ಅಂದ್ರೆ ಗಂಟೆಗೆ ಬರೀ 72 ಎಂಬಿ, ಅದ್ರಲ್ಲಿ ಉಳಿಸುವುದೆಂತ, ಭಾಗವತರ ದನಿ ಚೆಂಡೆಯ ಪೆಟ್ಟು ಹಾಳಾಗಬಾರದು. ಮೂಲದ ಎಸಿ3 ಆಡಿಯೋವನ್ನು ಪಾಸ್‌ಥ್ರೂ ಅಂತ ಹಾಗೇ ದಾಟಿಸಬಹುದು, ಕೆಲವು ಫೋನಲ್ಲಿ ಅದು ಕೇಳುದಿಲ್ಲ, ಫೋನಿಗೆ ಕಳಿಸುವುದಾದ್ರೆ ಎಎಸಿ ಎಂಬ ಆಡಿಯೋ ನಮೂನೆ ಇಡಿ.

ಗ್ರಾಫಿಕ್ಸ್ ಕಾರ್ಡಿನ ಎನ್‌ವೆಂಕ್ (ಎನ್‌ವಿಡಿಯಾ ಕಾರ್ಡಲ್ಲೇ ಇರುವ ಎನ್‌ಕೋಡರ್) ಬಳಸಿದ್ರೆ ಸ್ಪೀಡ್ ಭಾರೀ, ಆದ್ರೆ ಅಷ್ಟೇ ಚಂದಕ್ಕೆ ಫೈಲ್ ಸಾಮಾನ್ಯವಾಗಿ ಪ್ರೊಸೆಸರಲ್ಲಿ ನಿಧಾನಕ್ಕೆ ನಡೆಯುವ ಎಕ್ಸ್264 ಎನ್‌ಕೋಡರಿನದ್ದಕ್ಕಿಂತ ದೊಡ್ಡದು. ವರ್ಷಗಟ್ಟಲೆ ಇಡುವ ಸಂಗ್ರಹಕ್ಕೆ ನಿಧಾನದ್ದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ರಾತ್ರಿ ಹೇಗೂ ಕಂಪ್ಯೂಟರ್ ಖಾಲಿ. ಮಧ್ಯೆ ಕರೆಂಟ್ ಹೋದ್ರೆ ಕ್ಯೂ ವಾಪಸ್ ಸಿಗ್ತದೆ, ನಡೀತಾ ಇದ್ದ ಫೈಲ್ ಮಾತ್ರ ಮೊದಲಿಂದ ಆಗ್ಬೇಕು.

ಕೊರತೆ ಇಲ್ಲ ಅಂತಲ್ಲ. ಕ್ಯಾಮರಾದಿಂದ ಬರುವ ತುಂಡು ತುಂಡು ಎಂಟಿಎಸ್ ವಿಡಿಯೋ ಫೈಲನ್ನು ಒಂದಾಗಿ ಜೋಡಿಸುವ ಕೆಲಸ ಇದ್ರದ್ದಲ್ಲ, ಅದಕ್ಕೆ ಬೇರೆ ಟೂಲ್ ಬೇಕು. ಮತ್ತೆ ವಾಟ್ಸಾಪಲ್ಲಿ ಬಂದ ವಿಡಿಯೋ ಮೊದಲೇ ಹಿಂಡಿ ಹಿಪ್ಪೆ ಆಗಿರ್ತದೆ, ಅದನ್ನು ಇಲ್ಲಿ ಪುನಃ ಹಾಕಿದ್ರೆ ಇದ್ದ ಚಂದವೂ ಹೋಗ್ತದೆ, ಅಂಥದ್ದನ್ನು ಕ್ಯೂಗೆ ಸೇರಿಸ್ಲೇ ಬೇಡಿ.

ಡೌನ್‌ಲೋಡ್ ಹ್ಯಾಂಡ್‌ಬ್ರೇಕ್ ಡಾಟ್ ಎಫ್‌ಆರ್‌ನಿಂದ ಮಾತ್ರ. 2017ರ ಮೇನಲ್ಲಿ ಅವರದ್ದೇ ಒಂದು ಮಿರರ್ (ಡೌನ್‌ಲೋಡಿನ ನಕಲು ಇಡುವ) ಸರ್ವರಿಗೆ ಯಾರೋ ನುಗ್ಗಿ ಮ್ಯಾಕ್ ಫೈಲಲ್ಲಿ ಮಾಲ್‌ವೇರ್ ಸೇರಿಸಿದ್ರು, ಹಾಗಾಗಿ ಸೈಟಲ್ಲಿ ಕೊಟ್ಟ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ತಿಳಿಸುವ ಸಂಕೇತ) ತಾಳೆ ಹಾಕಿ ನೋಡಿಯೇ ಇನ್‌ಸ್ಟಾಲ್ ಮಾಡಿ.