ಗೋ ವಿಶ್ ಕಾರ್ಡುಗಳು: 'ಯಂತ್ರ ಬೇಡ' ಅಂದರೆ ಯಾವ ಯಂತ್ರ?

ಕೊನೆಗಾಲದಲ್ಲಿ ತಮಗೇನು ಮುಖ್ಯ ಎಂದು ಯೋಚಿಸಿ, ಮನೆಯವರೊಡನೆ ಮಾತಾಡಲು ನೆರವಾಗುವ ಕಾರ್ಡುಗಳೇ ಗೋ ವಿಶ್. ಇಸ್ಪೀಟಿನ ಎಲೆಗಳಂಥ 36 ಕಾರ್ಡುಗಳು; ರೂಪಿಸಿದ್ದು ಕ್ಯಾಲಿಫೋರ್ನಿಯಾದ ಕೋಡಾ ಅಲಯನ್ಸ್ ಎಂಬ ಸಂಸ್ಥೆ. ನೋವಿಲ್ಲದಿರುವುದು, ಉಸಿರಾಟಕ್ಕೆ ಒದ್ದಾಡದಿರುವುದು, ಮನೆಯಲ್ಲೇ ಸಾಯುವುದು, ಮನೆಯವರಿಗೆ ಹೊರೆಯಾಗದಿರುವುದು, ಹೀಗೆ ಕೊನೆಗಾಲದ ಒಂದೊಂದು ಆಸೆ ಒಂದೊಂದರಲ್ಲಿದೆ. ಪಟ್ಟಿಯಲ್ಲಿಲ್ಲದ ನಿಮ್ಮದೇ ಆಸೆಗೆ ಒಂದು ಕಾರ್ಡು ಮೀಸಲು.

ತುಂಬ ಮುಖ್ಯ, ಸ್ವಲ್ಪ ಮುಖ್ಯ, ಮುಖ್ಯವಲ್ಲ ಎಂದು ಮೂರು ಗುಡ್ಡೆ ಮಾಡಿ, ಮೊದಲ ಗುಡ್ಡೆಯಿಂದ ಹತ್ತನ್ನು ಆರಿಸಿ ಕ್ರಮವಾಗಿ ಜೋಡಿಸಬೇಕು. ಎಲ್ಲವನ್ನೂ 'ತುಂಬ ಮುಖ್ಯ'ಕ್ಕೆ ಹಾಕುವುದು ಸುಲಭ. ಹತ್ತಕ್ಕೆ ಇಳಿಸುವಾಗಲೇ ಮನಸ್ಸು ಬಾಯಿಬಿಡುವುದು. ಇಬ್ಬರು ಕೂತರೆ ಇನ್ನೂ ಒಳ್ಳೆಯದು: ಒಬ್ಬರು ತಮ್ಮದನ್ನು ಜೋಡಿಸಲಿ, ಇನ್ನೊಬ್ಬರು 'ಇವರಿಗೆ ಇದು ಬೇಕಿರಬಹುದು' ಅಂತ ಊಹಿಸಿ ಜೋಡಿಸಲಿ. ಆಮೇಲೆ ಎರಡೂ ಸಾಲನ್ನು ಅಕ್ಕಪಕ್ಕ ಇಡಿ. ನಲವತ್ತು ವರ್ಷ ಜೊತೆಗಿದ್ದವರ ಊಹೆಯೂ ತಪ್ಪಬಹುದು. ಆ ತಪ್ಪು ಐಸಿಯು ಬಾಗಿಲಲ್ಲಿ ಗೊತ್ತಾಗುವುದಕ್ಕಿಂತ ಊಟದ ಮೇಜಿನ ಮೇಲೆ ಗೊತ್ತಾಗಲಿ.

ಕೊರತೆ ಇರುವುದು ಯಂತ್ರಗಳ ವಿಷಯದಲ್ಲಿ. ಯಂತ್ರಗಳಿಗೆ ಸಿಕ್ಕಿಸಿಕೊಂಡಿರಬಾರದು ಎಂಬ ಒಂದೇ ಕಾರ್ಡಿನಲ್ಲಿ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಮಾಡುವ ಚಿಕಿತ್ಸೆ), ವೆಂಟಿಲೇಟರ್ (ಉಸಿರಾಡಿಸುವ ಯಂತ್ರ), ಡಯಾಲಿಸಿಸ್, ಆಹಾರದ ನಳಿಕೆ ಎಲ್ಲವೂ ಸೇರಿಹೋಗಿವೆ. ಅದನ್ನು ಮೇಲಿಟ್ಟ ಇಬ್ಬರ ಅಭಿಪ್ರಾಯ ಒಂದೇ ಆಗಿರಬೇಕಿಲ್ಲ. ನ್ಯುಮೋನಿಯಾ ವಾಸಿಯಾಗುವವರೆಗೆ ವೆಂಟಿಲೇಟರ್ ಆಗಬಹುದು, ಗಂಟಲಿಗೆ ರಂಧ್ರ ಮಾಡಿ ತಿಂಗಳುಗಟ್ಟಲೆ ಬೇಡ ಅನ್ನುವವರಿದ್ದಾರೆ. ಒಂದು ದಿನವೂ ಬೇಡ ಅನ್ನುವವರಿದ್ದಾರೆ. ಪ್ರಜ್ಞೆ ಮರಳದಿದ್ದರೂ ಉಸಿರಿರುವವರೆಗೆ ಎಲ್ಲ ಮಾಡಿ ಅನ್ನುವವರೂ ಇದ್ದಾರೆ. ಅದು ಅಜ್ಞಾನವಲ್ಲ, ಅವರ ನಂಬಿಕೆ. ಹಾಗಾಗಿ ಈ ಕಾರ್ಡು ಬಂದಾಗ ತಡೆದು ಕೇಳಿ: ಯಾವ ಯಂತ್ರ? ಎಷ್ಟು ದಿನ? ಏನು ಸುಧಾರಿಸಿದರೆ ಮುಂದುವರಿಸಬೇಕು, ಏನಾದರೆ ನಿಲ್ಲಿಸಬೇಕು? ವೈದ್ಯರು ಇದನ್ನೇ ಇಷ್ಟು ದಿನ ಎಂದು ಗೊತ್ತುಮಾಡಿ, ಆಮೇಲೆ ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂದು ನೋಡುವ ಚಿಕಿತ್ಸೆಯಾಗಿ ನಡೆಸಬಲ್ಲರು. 'ಎಲ್ಲ ಮಾಡಿ' ಅನ್ನುವವರಿಗೂ ಒಂದು ಮಾತು ತಿಳಿದಿರಲಿ: ಸಿಪಿಆರ್‌ನಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ, ಕಾಯಿಲೆ ಕೊನೆಯ ಹಂತ ಮುಟ್ಟಿದ್ದರೆ ಅದರಿಂದ ಬದುಕುಳಿದು ಮನೆಗೆ ಮರಳುವವರು ತೀರಾ ಕಡಿಮೆ.

ಕಾರ್ಡುಗಳಿಗೆ ಕಾನೂನಿನ ಬಲವಿಲ್ಲ. ಹತ್ತರ ಸಾಲಿನ ಫೋಟೊ ತೆಗೆದು, ತಾರೀಖು ಹಾಕಿ, ನಿಮ್ಮ ಪರವಾಗಿ ನಿರ್ಧರಿಸುವವರ ಕೈಗೆ ಕೊಡಿ. ಮುಂಗಡ ವೈದ್ಯಕೀಯ ನಿರ್ದೇಶನವನ್ನು, ಅಂದರೆ ನೀವು ಮಾತಾಡಲಾಗದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರವನ್ನು, ಬೇರೆಯಾಗಿಯೇ ಬರೆಸಿ. ಹೊಸ ಕಾಯಿಲೆ ಪತ್ತೆಯಾದಾಗ, ಆಸ್ಪತ್ರೆಯಿಂದ ಮರಳಿದಾಗ ಮತ್ತೆ ಜೋಡಿಸಿ, ಆಸೆಗಳು ಬದಲಾಗುತ್ತವೆ. ರೋಗಿ ತೀರಾ ಬಳಲಿದ್ದರೆ 36 ಹೆಚ್ಚಾಯಿತು. ಹನ್ನೆರಡನ್ನು ಆರಿಸಿಕೊಂಡು ನೀವೇ ಓದಿ ಹೇಳಿ, ಅವರು ತಲೆಯಾಡಿಸಿದರೆ ಸಾಕು.